ಮೇಜಿನ ಮೇಲಿನ ಗಂಟು

ಕಸ್ತೂರಿಯ ಗಂಟು ಎರಡು ಕಡೆ ಇತ್ತು. ಒಂದು ಬೆಟಗೇರಿಯಲ್ಲಿ, ಅವಳ ಎಡ ಎದೆಯೊಳಗೆ. ಇನ್ನೊಂದು ಹುಬ್ಬಳ್ಳಿಯಲ್ಲಿ, ನನ್ನ ಮೇಜಿನ ಮೇಲಿನ ಗಾಜಿನ ಬಿಲ್ಲೆಯೊಳಗೆ. ಎದೆಯೊಳಗಿನದು ನೆಲ್ಲಿಕಾಯಿಯಷ್ಟು, ಮೇಜಿನ ಮೇಲಿನದು ಎಳ್ಳುಕಾಳಿನಷ್ಟು. ಎದೆಯೊಳಗಿನದು ಬೆಳೆಯುತ್ತಿದೆಯೋ ಕರಗುತ್ತಿದೆಯೋ ತಿಳಿಯಲು ತಿಂಗಳುಗಟ್ಟಲೆ ಕಾಯಬೇಕು. ಮೇಜಿನ ಮೇಲಿನದು ನಾಲ್ಕು ದಿನದಲ್ಲಿ ಬಾಯಿ ಬಿಡುತ್ತದೆ.

ಇದಕ್ಕೆ ನಾವು ‘ನಕಲು’ ಎನ್ನುತ್ತೇವೆ. ಸೂಜಿಯಿಂದ ಗಂಟಿನ ಚೂರೊಂದನ್ನು ತೆಗೆದು ಜೀವಂತ ಇಟ್ಟುಕೊಳ್ಳುವುದು ಹಳೆಯ ವಿದ್ಯೆ. ಹೊಸದು ಅದಕ್ಕೆ ಉಣಿಸುವ ರೀತಿ. ರೋಗಿಯ ತೋಳಿಗೆ ಒಂದು ಪಟ್ಟಿ ಅಂಟಿಸುತ್ತೇವೆ. ಅದು ಚರ್ಮದಡಿಯ ನೀರನ್ನು ಹನಿಹನಿಯಾಗಿ ಹೀರಿ ಬೆರಳುದ್ದದ ಡಬ್ಬಿಯಲ್ಲಿ ತುಂಬಿಡುತ್ತದೆ. ಆ ನೀರೇ ನಕಲಿನ ಆಹಾರ. ಅವಳ ಮೈಯಲ್ಲಿ ಏರಿದ್ದು ಇಲ್ಲಿಯೂ ಏರುತ್ತದೆ, ಅಲ್ಲಿ ಇಳಿದದ್ದು ಇಲ್ಲಿಯೂ ಇಳಿಯುತ್ತದೆ. ಒಡೆದು ಎರಡಾಗುತ್ತಿರುವ ಜೀವಕೋಶ ಹಸಿರಾಗಿ ಹೊಳೆಯುವಂತೆ ಬಣ್ಣ ಹಾಕಿರುತ್ತೇವೆ. ಹಸಿರು ಹೆಚ್ಚಿದರೆ ಗಂಟು ಹೆಚ್ಚುತ್ತಿದೆ ಎಂದರ್ಥ.

ಎದೆಯ ಗಂಟುಗಳಲ್ಲಿ ಬಹಳಷ್ಟು ಹಾರ್ಮೋನಿನ ಮಾತು ಕೇಳುವಂಥವು. ಜೀವಕೋಶದಲ್ಲಿ ಈಸ್ಟ್ರೋಜನ್ ಬಂದು ಕೂಡುವ ಜಾಗವೊಂದಿದೆ. ಅದು ಬಂದು ಕೂತಿತೆಂದರೆ ಕೋಶಕ್ಕೆ ‘ಬೆಳೆ, ಒಡೆ’ ಎಂಬ ಅಪ್ಪಣೆ ಸಿಕ್ಕಂತೆ. ನಾವು ಕೊಡುವ ತಡೆಮಾತ್ರೆ ಮೊದಲೇ ಹೋಗಿ ಆ ಜಾಗ ಹಿಡಿದು ಕೂಡುತ್ತದೆ. ತಾನೂ ಅಪ್ಪಣೆ ಕೊಡುವುದಿಲ್ಲ, ಇನ್ನೊಬ್ಬರಿಗೂ ಬಿಡುವುದಿಲ್ಲ. ಸರ್ಕಾರಿ ಕಚೇರಿಯಲ್ಲಿ ಇಂಥವರನ್ನು ನಾವೆಲ್ಲ ನೋಡಿದ್ದೇವೆ. ಇಲ್ಲಿ ಮಾತ್ರ ಅದರಿಂದ ಜೀವ ಉಳಿಯುತ್ತದೆ.

ಕಸ್ತೂರಿ ಗದಗ–ಹುಬ್ಬಳ್ಳಿ ಬಸ್ಸಿನ ಕಂಡಕ್ಟರ್. ಬಸ್ಸು ನಮ್ಮ ಸಂಶೋಧನಾ ಸಂಸ್ಥೆಯ ಗೇಟಿನ ಮುಂದೆಯೇ ಹಾಯುತ್ತಿದ್ದುದರಿಂದ ಡಬ್ಬಿಯನ್ನು ಅವಳೇ ತಂದು ಕೊಡುತ್ತಿದ್ದಳು. ಸೀಟಿ ಊದಿ ಬಸ್ಸು ನಿಲ್ಲಿಸಿ, ಫುಟ್‌ಬೋರ್ಡಿನಿಂದಲೇ ಬಾಗಿ, “ಬಾಯಾರ, ತಗೋರಿ ನಿಮ್ಮ ನೈವೇದ್ಯ” ಎನ್ನುವಳು. ಒಳಗೆ ಯಾರಾದರೂ ಗೊಣಗಿದರೆ ತಿರುಗಿ, “ಜೀವದ ಮಾತೈತ್ರಿ ಯಣ್ಣಾ, ಒಂದ್ ನಿಮಿಷ ಕುಂದರ್ರಿ” ಎಂದರೆ ಆಯಿತು, ಬಸ್ಸಿಗೆ ಬಸ್ಸೇ ಸುಮ್ಮನಾಗುತ್ತಿತ್ತು.

ಮೊದಲ ದಿನವೇ ಅವಳು ನನ್ನ ಮುಂದೆ ಒಂದು ಮಾತು ಇಟ್ಟಿದ್ದಳು. “ಎಡಗೈ ಉಳಸ್ರಿ ಬಾಯಾರ. ಬಲಗೈಯಾಗ ಟಿಕೆಟ್ ಮಶಿನ್ ಹಿಡೀತೀನಿ, ಎಡಗೈಲೆ ಮ್ಯಾಲಿನ ಕಂಬಿ. ಕಂಬಿ ಬಿಟ್ರ ಅಣ್ಣಿಗೇರಿ ದಾಟೂದ್ರಾಗ ಮಂದಿ ತೊಡಿ ಮ್ಯಾಲ ಬಿದ್ದಿರತೀನಿ.” ಎದೆಯನ್ನೂ ಕಂಕುಳಿನ ಗ್ರಂಥಿಗಳನ್ನೂ ಪೂರಾ ತೆಗೆದರೆ ಆ ಕಡೆಯ ಕೈ ಬಾತು ಭಾರವಾಗುವುದುಂಟು. ಅಂಥವರನ್ನು ಡಿಪೋದೊಳಗೆ ಕೂರಿಸುತ್ತಾರೆ. ಅವಳ ಜೊತೆಯವಳೊಬ್ಬಳು ಹಾಗೆ ಕೂತಿದ್ದಳಂತೆ, ಮೂಲೆಯಲ್ಲಿ ಇಟ್ಟ ಮುರುಕು ಸೀಟಿನಂತೆ. ತಡೆಮಾತ್ರೆಯಿಂದ ಗಂಟು ಕುಗ್ಗಿದರೆ ಗಂಟನ್ನಷ್ಟೇ ತೆಗೆದು ಮುಗಿಸಬಹುದು. ಅದಕ್ಕಾಗಿಯೇ ಅವಳು ನಮ್ಮ ಪ್ರಯೋಗಕ್ಕೆ ಒಪ್ಪಿದ್ದು.

ಮೊದಲ ತಿಂಗಳುಗಳು ಚೆನ್ನಾಗಿ ಹೋದವು. ಹಸಿರು ಚುಕ್ಕಿಗಳು ಸಂಜೆಯ ಸಂತೆಯಂತೆ ಒಂದೊಂದಾಗಿ ಖಾಲಿಯಾದವು. ಆಮೇಲೆ ಒಂದು ವಾರ ಇದ್ದಕ್ಕಿದ್ದಂತೆ ತಿರುಗಿ ಬಂದವು. ಮರುವಾರ ಇನ್ನೂ ಹೆಚ್ಚಿದವು.

ನಮ್ಮ ಶಸ್ತ್ರಚಿಕಿತ್ಸಕರು ಡಾ. ಪಾರ್ಶ್ವನಾಥ ಉಪಾಧ್ಯೆ. ಮಾತು ಕಡಿಮೆ, ಕೈ ಚುರುಕು. ಪರದೆಯ ಮೇಲಿನ ಹಸಿರನ್ನು ನೋಡಿ ಕನ್ನಡಕ ತೆಗೆದರು.

“ಗಂಟು ಔಷಧಕ್ಕ ಜಗ್ಗವಲ್ದು ಇಂದುಮತಿಬಾಯಿ. ಬುಧವಾರ ತಗದಬಿಡೂಣು. ಎದಿ, ಕಂಕಳಾ, ಎಲ್ಲಾ.”

“ಔಷಧಕ್ಕ ಜಗ್ಗದಂಗ ಆಗೂದು ಹಿಂಗ ಒಮ್ಮಿಗೇ ಆಗೂದಿಲ್ರಿ ಸರ್” ಎಂದೆ. “ಮೆಲ್ಲಕ ಆಗ್ತದ. ಇದು ಜಿಗದಂಗ ಆಗ್ಯದ. ಹೊರಗಿಂದ ಏನೋ ಒಳಗ ಬರಲಿಕ್ಕತ್ತದ.”

“ಮೀಟರ್ ಏನ್ ಹೇಳ್ತದ?”

ಮೀಟರ್ ನನ್ನ ಕಡೆ ಇರಲಿಲ್ಲ. ಡಬ್ಬಿಯ ನೀರನ್ನು ಮೀಟರಿಗೂ ಹಾಕಿ ನೋಡುತ್ತೇವೆ. ಈಸ್ಟ್ರೋಜನ್ ಎಂದಿನಂತೆಯೇ ಇತ್ತು. ಪ್ರೊಜೆಸ್ಟರಾನ್ ಇರಬೇಕಾದ್ದಕ್ಕಿಂತ ಕಡಿಮೆಯೇ ಇತ್ತು. ಆದರೆ ಮೀಟರಿಗೆ ಕಲಿಸಿಕೊಟ್ಟ ಹಾರ್ಮೋನುಗಳಷ್ಟೇ ಗೊತ್ತು. ನಕಲಿಗೆ ಹಾಗಲ್ಲ, ಬಂದದ್ದೆಲ್ಲ ಗೊತ್ತು. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ಅವಳ ಮೈಗೆ ಬಂದದ್ದು ನನ್ನ ಗಾಜಿಗೆ ಬಂದೇ ಬರುತ್ತದೆ.

“ನಿಮಗ ಆ ನಕಲಿನ ಮ್ಯಾಲ ಮೋಹ ಭಾಳ” ಎಂದರು ಉಪಾಧ್ಯೆ. ಸುಳ್ಳೇನಲ್ಲ. ಸಾಕಿದ ಬೆಕ್ಕನ್ನು ಕಳ್ಳ ಎಂದರೆ ಯಾರಿಗೆ ಸಿಟ್ಟು ಬರುವುದಿಲ್ಲ?

ಕಸ್ತೂರಿಗೆ ಫೋನು ಮಾಡಿದೆ. ಬೇರೆ ಏನಾದರೂ ಔಷಧ ತಗೊಳ್ಳುತ್ತೀಯೇನೆಂದು ಕೇಳಿದೆ.

“ಇಲ್ರಿ. ನಾಟಿ ಔಷಧಿ ಇಲ್ಲ, ಕಷಾಯ ಇಲ್ಲ, ನೀವು ಕೊಟ್ಟದ್ದೊಂದ. ಯಾಕ್ರೀ, ಏನರ ಆಗೇತೇನು?”

ಆಗಿದೆ ಎಂದೆ. ಬುಧವಾರದ ಮಾತನ್ನೂ ಹೇಳಿದೆ. ಮುಚ್ಚಿಡುವುದು ನನ್ನಿಂದ ಆಗದ ಕೆಲಸ.

“ಐತವಾರ ಮಗಳ ಮದುವಿ ಐತ್ರಿ” ಎಂದಳು. “ಅದು ಮುಗೀಲಿ, ಆಮ್ಯಾಲ ಕೊಯ್ಯೂದಿದ್ರ ಕೊಯ್ರಿ. ಆದ್ರ ನೀವು ಇನ್ನೊಮ್ಮೆ ಹುಡಕ್ರಿ. ನನ್ನ ಗಂಟು ಹಿಂಗ ಮಾತು ತಪ್ಪೂ ಪೈಕಿ ಅಲ್ಲ. ನಾಳೆ ಮನ್ಯಾಗ ಬಳಿ ಇಡಸೂದೈತಿ, ಬರ್ರಿ. ನನ್ನ ಅಡಗಿಮನಿ, ನನ್ನ ಕಪಾಟು, ಎಲ್ಲಾ ನೋಡ್ರಿ.”

ಹೋದೆ. ಹುಡುಕಲೆಂದೇ ಹೋದೆ.

ಬೆಟಗೇರಿಯ ಅವಳ ಮನೆಯ ಪಡಸಾಲೆಯಲ್ಲಿ ಹೆಂಗಸರು ಕಿಕ್ಕಿರಿದಿದ್ದರು. ಮದುಮಗಳು ಆದ್ಯಾ ನಡುವೆ ಕೂತು ಬಳೆಗಾರನಿಗೆ ಕೈ ಕೊಟ್ಟಿದ್ದಳು. ನಾನು ಅಡುಗೆಮನೆಯ ಡಬ್ಬಿಗಳ ಮುಚ್ಚಳ ತೆಗೆದು ಮೂಸಿದೆ. ಸೋಯಾ ಹಿಟ್ಟು, ಅಗಸೆ ಚಟ್ನಿ, ಮುಖಕ್ಕೆ ಹಚ್ಚುವ ಮುಲಾಮು, ಎಲ್ಲವನ್ನೂ ನೋಡಿದೆ. ಹಸಿರನ್ನು ಹಾಗೆ ಜಿಗಿಸುವಂಥದ್ದು ಒಂದೂ ಇರಲಿಲ್ಲ. ಕಸ್ತೂರಿ ನನ್ನ ಹಿಂದೆಯೇ ನಿಂತು ನಗುತ್ತಿದ್ದಳು. ನಗುವಿನ ಹಿಂದೆ ಹೆದರಿಕೆ ಇತ್ತು, ಅದನ್ನು ಅವಳು ಅಡಗಿಸಲೂ ಇಲ್ಲ.

ಸೋತು ಪಡಸಾಲೆಗೆ ಬಂದು ಕೂತೆ. ಬಳೆ ಇಟ್ಟುಕೊಂಡ ಹೆಂಗಸರು ಒಬ್ಬೊಬ್ಬರಾಗಿ ಎದ್ದು ಕಸ್ತೂರಿಯ ಅತ್ತೆ ನೀಲವ್ವನ ಮುಂದೆ ಹೋಗುತ್ತಿದ್ದರು. ಎಪ್ಪತ್ತು ದಾಟಿದ ಮುದುಕಿ, ಕಾಲು ಚಾಚಿ ಕೂತು ಒಬ್ಬೊಬ್ಬರಿಗೂ ಕುಪ್ಪಸದ ಕಣ, ಎಲೆ ಅಡಿಕೆ ಕೊಡುತ್ತಿದ್ದಳು. ಕೊಡುವ ಮೊದಲು ಪ್ರತಿಯೊಬ್ಬಳಿಗೂ ಒಂದು ಪ್ರಶ್ನೆ.

“ನಿಂದು ಯಾವಾಗವಾ?”

“ಶನಿವಾರ ರೀ ಆಯಿ.”

“ಹಂಗಾರ ತಗೋ. ಮುಂಜಾನಿ ಒಂದು, ಸಂಜಿಕೊಂದು. ಮದುವಿ ಮುಗಿಯೂ ತನಕ ಬಿಡಬ್ಯಾಡ.”

ಎಲೆ ಅಡಿಕೆಯ ಜೊತೆಗೆ ಒಂದು ಮಾತ್ರೆಯ ಪಟ್ಟಿ. ಬಳೆಗಾರ ಕಿವುಡನಂತೆ ಬಳೆ ಎಣಿಸುತ್ತಿದ್ದ. ಆ ಕಸುಬಿನಲ್ಲಿ ಅದೂ ಕಲಿಯಬೇಕಾದ ವಿದ್ಯೆ. ನನ್ನ ಸರದಿ ಬಂತು.

“ನಿಮ್ದು ನಿಂತೈತೇನ್ರಿ ಬಾಯಾರ?”

“ನಿಂತದ್ರಿ.”

“ಪುಣ್ಯಾ ಮಾಡೀರಿ” ಎಂದು ಬರೀ ಎಲೆ ಅಡಿಕೆ ಕೊಟ್ಟಳು.

ಪಕ್ಕದವಳ ಕೈಯಿಂದ ಆ ಪಟ್ಟಿ ಕಸಿದುಕೊಂಡು ಓದಿದೆ. ಮುಟ್ಟು ಮುಂದೂಡುವ ಮಾತ್ರೆ. ಕಾರ್ಖಾನೆಯಲ್ಲಿ ಮಾಡಿದ ಪ್ರೊಜೆಸ್ಟರಾನಿನ ತಂಗಿ, ಮೀಟರಿಗೆ ನಾವು ಕಲಿಸದೆ ಬಿಟ್ಟದ್ದು. ಗೌರಿ ಹುಣ್ಣಿಮೆಗೆ, ಗೃಹಪ್ರವೇಶಕ್ಕೆ, ಮದುವೆಗೆ ನಮ್ಮ ಕಡೆ ಔಷಧದಂಗಡಿಯಲ್ಲಿ ಕಡಲೆಪುಟಾಣಿಯಂತೆ ಖರ್ಚಾಗುವುದು ಇದೇ.

“ಆಯೀ, ಇದನ್ನ ಕಸ್ತೂರಿಗೂ ಕೊಟ್ಟೀರೇನು?”

“ಕೊಡದ? ಎರಡ ವಾರ ಆತು. ನಿಮ್ಮ ಔಷಧಿ ಶುರು ಆದಾಗಿಂದ ಆಕಿಂದು ಹೊತ್ತಿಲ್ಲ ಗೊತ್ತಿಲ್ಲ. ಯಾವಾಗ ಬರತೈತೋ ಯಾವಾಗ ಬಿಡತೈತೋ. ಮದುಮಗಳಿಗೆ ಸುರಗಿ ನೀರು ಹಾಕೂ ದಿನಾನ ಬಂತಂದ್ರ ಏನ್ ಮಾಡೂದು? ಅದಕ್ಕ ಮೊದಲ ಶುರು ಮಾಡಿಸೀನಿ.”

ಕಸ್ತೂರಿಯ ಕೈ ಹಿಡಿದು ಒಳಕೋಣೆಗೆ ಎಳೆದೊಯ್ದೆ. ಸಿಟ್ಟು ಬಂದಿತ್ತು. ಯಾರ ಮೇಲೆ ಎಂದು ಗೊತ್ತಾಗದ ಸಿಟ್ಟು.

“ಬ್ಯಾರೆ ಔಷಧ ಇಲ್ಲ ಅಂದಿದ್ದೆಲ್ಲ?”

“ಅದೇನ್ ಔಷಧಿ ಏನ್ರಿ? ಔಷಧಿ ಜಡ್ಡಿಗೆ ತಗೋತಾರ. ಇದು ಹಬ್ಬಕ್ಕ ತಗೊಳ್ಳೂದು.”

ಅವಳು ಸುಳ್ಳು ಹೇಳಿರಲಿಲ್ಲ. ಅವಳ ಲೆಕ್ಕದಲ್ಲಿ ಅದು ಅರಿಷಿಣ ಕುಂಕುಮದ ಸಾಲಿನದು. ಕೇಳುವಾಗ ‘ಹಬ್ಬದ ಗುಳಿಗಿ’ ಎಂದು ಕೇಳಬೇಕೆಂದು ನಮ್ಮ ಇಡೀ ಸಂಸ್ಥೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ. ಹೆಂಗಸರೇ ಹೆಚ್ಚಿರುವ ಸಂಸ್ಥೆ.

“ನೋಡು, ನಿನ್ನ ಬಸ್ಸಿಗೆ ಎರಡು ಬಾಗಲ ಅವ ಹೌದಲ್ಲೋ?” ಎಂದೆ. “ಮುಂದಿನ ಬಾಗಲಕ್ಕ ನಮ್ಮ ಗುಳಿಗಿ ಅಡ್ಡ ನಿಂತದ. ಈಸ್ಟ್ರೋಜನ್ನಿಗೆ ಹತ್ತಲಿಕ್ಕೆ ಬಿಡೂದಿಲ್ಲ. ಗಂಟಿಗೆ ಹಿಂದ ಇನ್ನೊಂದು ಬಾಗಲ ಅದ, ಪ್ರೊಜೆಸ್ಟರಾನಿಂದು. ಮೈಯಾಗಿಂದ ತಾನ ಹುಟ್ಟಿದ್ದು ಅಲ್ಲಿ ಏನು ಮಾಡ್ತದ ಅಂತ ಪಂಡಿತರು ಇನ್ನೂ ಬಡಿದಾಡ್ತಾರ. ಆದ್ರ ಈ ಕಾರ್ಖಾನಿದು ನಿನ್ನ ಗಂಟಿಗೆ ಏನು ಮಾಡ್ತದ ಅಂತ ನಾ ಕಣ್ಣಾರೆ ನೋಡೀನಿ. ಬ್ಯಾರೆ ಹೆಂಗಸರಿಗೆ ನಾಕು ದಿನದ ಮಾತು. ನಿನ್ನಂಥಾ ಗಂಟಿದ್ದಾಕಿಗೆ ಇದು ಮುಟ್ಟಬಾರದ್ದು.”

“ಅಂದ್ರ ನಾ ಮುಂದ ನಿಂತು ಟಿಕೆಟ್ ಹರಿಯಾಕತ್ತಿದ್ದೆ, ಹಿಂದ ಪುಕ್ಕಟೆ ಮಂದಿ ತುಂಬಾಕತ್ತಿದ್ರು.”

“ಹೌದು.”

ಉಪಾಧ್ಯೆಯವರಿಗೆ ಅಲ್ಲಿಂದಲೇ ಫೋನು ಮಾಡಿದೆ. ಕೇಳಿಸಿಕೊಂಡರು. “ನಿಮ್ಮ ಮಾತು ಖರೇ ಇದ್ರ ಕೊಯ್ಯೂ ಕಾರಣ ಇಲ್ಲ. ಸುಳ್ಳಿದ್ರ, ನಾ ತಡದ ಒಂದೊಂದು ವಾರಾನೂ ಗಂಟಿಗೆ ಕೊಟ್ಟಂಗ. ಇವತ್ತ ಗುಳಿಗಿ ಬಿಡಸ್ರಿ. ಮಂಗಳವಾರ ನಕಲು ತೋರಸ್ರಿ. ಹಸಿರು ಇಳದಿದ್ರ ನಂಬ್ತೀನಿ, ಇಲ್ಲಂದ್ರ ಬುಧವಾರ ಕೊಯ್ತೀನಿ.” ಅವರ ಜಾಗದಲ್ಲಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ.

ನೀಲವ್ವ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು.

“ಇವತ್ತ ಬಿಟ್ರ ಯಾವಾಗ ಆಗತೈತ್ರಿ?” ಎಂದಳು.

“ಎರಡು ಮೂರು ದಿನಕ್ಕ.”

“ಅಂದ್ರ ಐತವಾರ.” ಮುದುಕಿಯ ದನಿ ಇಳಿಯಿತು. “ಹಾವೂ ಸಾಯಬಾರ್ದು, ಕೋಲೂ ಮುರೀಬಾರ್ದು, ಹಂಗೇನರ ಹೇಳ್ರಿ ಬಾಯಾರ. ಸುರಗ್ಯಾಗ ತಾಯಿ ಬಿಟ್ಟು ಮತ್ತ್ಯಾರು ಮಗಳ ಕೂಡ ಕುಂದರೂದು? ಐತವಾರ ಸಂಜಿಗೆ ಬಿಟ್ರ ನಡ್ಯಾಂಗಿಲ್ಲೇನು?”

“ನಡ್ಯಾಂಗಿಲ್ಲ ಆಯಿ. ಐತವಾರ ಬಿಟ್ರ ಮಂಗಳವಾರ ಹಸಿರು ಹಂಗ ಇರ್ತದ.”

ಕಸ್ತೂರಿ ಸೆರಗಿನ ಗಂಟು ಬಿಚ್ಚಿ ಉಳಿದ ಮಾತ್ರೆಗಳನ್ನು ನನ್ನ ಅಂಗೈಗೆ ಸುರಿದಳು.

“ಬಿಟ್ಟೆ ನೋಡ್ರಿ.”

“ಕಸ್ತೂರೀ, ಸುರಗಿ” ಎಂದಳು ನೀಲವ್ವ.

“ಸುರಗಿಗೆ ನಾನ ಕುಂದರಾಕಿ ಅತ್ತಿ. ನನ್ನ ಮಗಳು, ನನ್ನ ಕೈ. ಎರಡೂ ಬಿಡಾಂಗಿಲ್ಲ.”

ಮುದುಕಿ ಹೊರಗೆ ಹೋದಳು. ಪಡಸಾಲೆಯಲ್ಲಿ ಮತ್ತೆ ‘ನಿಂದು ಯಾವಾಗ’ ಎಂಬ ದನಿ ಕೇಳಲಿಲ್ಲ.

ಭಾನುವಾರ ಮದುವೆಗೆ ನಾನು ಹೋಗದೆ ಇರಬಹುದಿತ್ತು. ನಕಲಿಗೆ ಮಾತ್ರೆ ಬಿಟ್ಟ ಮೇಲಿನ ಹೊಸ ಡಬ್ಬಿಯ ನೀರು ಹಾಕಿಯಾಗಿತ್ತು, ಅದನ್ನು ಕಾಯುತ್ತ ಕೂಡುವುದರಲ್ಲಿ ಅರ್ಥವಿರಲಿಲ್ಲ. ಆದರೆ ಹಚ್ಚಿದ ದೀಪ ಉರಿಯುತ್ತದೋ ಆರುತ್ತದೋ ನೋಡದೆ ಹೋಗುವ ಸ್ವಭಾವ ನನ್ನದಲ್ಲ. ಬೆಳಗಿನ ಮೊದಲ ಬಸ್ಸಿಗೇ ಹೋದೆ.

ಹಂದರದ ಕೆಳಗೆ ನಾಲ್ಕು ಮೂಲೆಗೆ ನಾಲ್ಕು ತಂಬಿಗೆ ಇಟ್ಟು, ಸುತ್ತಲೂ ಬಿಳಿ ನೂಲು ಸುತ್ತಿ ಸುರಗಿ ಮಾಡಿದ್ದರು. ಅದರೊಳಗೆ ಮಣೆಯ ಮೇಲೆ ಆದ್ಯಾ, ಮೈತುಂಬ ಅರಿಷಿಣ. ಪಕ್ಕದ ಮಣೆ ಖಾಲಿ ಇತ್ತು. ಮನೆಯ ಹಿರಿಯಳಾಗಿ ನೀಲವ್ವ ಮೊದಲ ನೀರು ಹಾಕಬೇಕು. ತಂಬಿಗೆ ಹಿಡಿದು ನಿಂತಿದ್ದಳು.

ಕಸ್ತೂರಿ ಒಳಗಿನಿಂದ ಬಂದಳು. ಮುಖ ನೋಡಿದರೇ ತಿಳಿಯಿತು. ನೂಲಿನ ಹತ್ತಿರ ನಿಂತು, ಬಸ್ಸಿನಲ್ಲಿ ಮುಂದಿನ ಊರಿನ ಹೆಸರು ಕೂಗುವ ದನಿಯಲ್ಲಿ ಹೇಳಿದಳು.

“ಎಲ್ಲಾರೂ ಕೇಳ್ರಿ. ಈಗ ಮುಂಜಾನೆ ನಾ ಮುಟ್ಟಾಗೀನಿ. ನನ್ನ ಎದ್ಯಾಗ ಗಂಟೈತಿ, ಅದಕ್ಕ ಮುಂದ ಹಾಕೂ ಗುಳಿಗಿ ತಗೊಳ್ಳೂವಂಗಿಲ್ಲ. ಸೂತಕ ಇಲ್ಲ ಅಂತ ಮಠದಾಗ ಕೇಳಿ ಬರತೀವಿ, ಮನ್ಯಾಗ ಗುಳಿಗಿ ಹಂಚತೀವಿ. ನಾ ಮಗಳ ಕೂಡ ಕುಂದರಾಕಿ. ಯಾರಿಗರ ಬ್ಯಾಡಾಗಿದ್ರ ನೀರು ಹಾಕಬ್ಯಾಡ್ರಿ.”

ನೂಲು ದಾಟಿ ಹೋಗಿ ಮಣೆಯ ಮೇಲೆ ಕೂತಳು. ಆದ್ಯಾ ಅರಿಷಿಣದ ಕೈಯಿಂದಲೇ ತಾಯಿಯ ಕೈ ಹಿಡಿದಳು.

ಹಾಡು ಹೇಳುತ್ತಿದ್ದ ಹೆಂಗಸರು ನಿಲ್ಲಿಸಿದರು. ಯಾರೋ “ಶಿವನೇ” ಎಂದರು. ಕಸ್ತೂರಿಯ ಗಂಡ ಹಂದರದ ಕಂಬ ಹಿಡಿದು ತಲೆ ತಗ್ಗಿಸಿ ನಿಂತಿದ್ದ. ಗಂಡಸರಿಗೆ ಇಂಥ ಹೊತ್ತಿನಲ್ಲಿ ಕಂಬವೊಂದು ಸಿಕ್ಕರೆ ಸಾಕು. ಎಲ್ಲರ ಕಣ್ಣೂ ನೀಲವ್ವನ ಕೈಯಲ್ಲಿದ್ದ ತಂಬಿಗೆಯ ಮೇಲಿತ್ತು. ಮುದುಕಿ ನನ್ನ ಕಡೆ ತಿರುಗಿದಳು.

“ಬಾಯಾರ, ಎಲ್ಲಾರ ಮುಂದ ಹೇಳ್ರಿ. ಆ ಗುಳಿಗಿ ಕೊಟ್ಟಾಕಿ ನಾನ. ಅದರಿಂದ ನನ್ನ ಸೊಸಿ ಗಂಟು ಬೆಳೀತು ಅನ್ನೂದು ಖರೇನು?”

ನಕಲು ಇನ್ನೂ ಉತ್ತರ ಕೊಟ್ಟಿರಲಿಲ್ಲ. ಮಂಗಳವಾರದ ತನಕ ಕಾಯಿರಿ ಎನ್ನಬಹುದಿತ್ತು. ವಿಜ್ಞಾನಿಯಾದವಳು ಹಾಗೇ ಅನ್ನಬೇಕಿತ್ತು.

“ಖರೇ ಅಂತ ನನಗ ಅನಸ್ತದ ಆಯಿ. ಇನ್ನೂ ಪಕ್ಕಾ ಆಗಿಲ್ಲ. ಆದ್ರ ನೀವು ಬೇಕಂತ ಮಾಡಿದ್ದಲ್ಲ.”

“ಬೇಕಂತ ಮಾಡೀನೋ ಬ್ಯಾಡಂತ ಮಾಡೀನೋ, ಗಂಟಿಗೆ ಏನ್ ಗೊತ್ತು?” ಎಂದಳು ನೀಲವ್ವ. ನೂಲಿನ ಹತ್ತಿರ ಹೋಗಿ, ಮೊದಲು ಸೊಸೆಯ ತಲೆಯ ಮೇಲೆ, ಆಮೇಲೆ ಮೊಮ್ಮಗಳ ತಲೆಯ ಮೇಲೆ ನೀರು ಸುರಿದಳು. ಸುರಿಯುವಾಗ ಅಳುತ್ತಿದ್ದಳು. ಅಳುತ್ತಲೇ ಸುತ್ತ ನಿಂತವರಿಗೆ, “ಹಾಡ್ರೇ, ಬಾಯಾಗ ಏನ್ ಬೆಲ್ಲ ಇಟ್ಟೀರೇನು?” ಎಂದು ಗದರಿದಳು. ಹಾಡು ಶುರುವಾಯಿತು. ಇಬ್ಬರು ಮಾತ್ರ ನೀರು ಹಾಕದೆ ಸರಿದು ಹೋದರು. ಊಟಕ್ಕೆ ಅವರೇ ಮೊದಲ ಪಂಕ್ತಿಯಲ್ಲಿದ್ದರು.

ಮಂಗಳವಾರ ಬಸ್ಸು ಗೇಟಿನ ಮುಂದೆ ನಿಂತಾಗ ಡಬ್ಬಿ ಹಿಡಿದು ಇಳಿದವಳು ನೀಲವ್ವ. ಕಸ್ತೂರಿ ಮೇಲಿನಿಂದಲೇ ಕೂಗಿದಳು. “ರಜಾ ಮುಗದಾವ್ರಿ ಬಾಯಾರ, ಟೈಮಾಗೇತಿ. ಅತ್ತಿ ಕೇಳ್ಕೊಂಡ ಬರತಾಳ. ಏನಿದ್ರೂ ನೆಟ್ಟಗ ಹೇಳಿ ಕಳಸ್ರಿ.” ಸೀಟಿ ಊದಿದಳು, ಬಸ್ಸು ಹೋಯಿತು. ಸೀಟಿಯ ಉಸಿರು ನಡುವೆ ಒಮ್ಮೆ ತುಂಡಾದದ್ದು ನನಗೆ ಕೇಳಿಸಿತು.

ಮುದುಕಿಯನ್ನು ಪ್ರಯೋಗಾಲಯದ ಸ್ಟೂಲಿನ ಮೇಲೆ ಕೂರಿಸಿದೆ. ಉಪಾಧ್ಯೆ ಬಂದರು. ಬಿಲ್ಲೆಯನ್ನು ಸೂಕ್ಷ್ಮದರ್ಶಕದ ಕೆಳಗೆ ಸರಿಸಿದೆ. ಮೊದಲು ಅವರೇ ನೋಡಲಿ ಎಂದು ಹಿಂದೆ ಸರಿದೆ. ನೋಡುವ ಧೈರ್ಯ ನನಗಿರಲಿಲ್ಲ ಎಂದರೂ ಸರಿಯೇ.

ಅವರು ಬಹಳ ಹೊತ್ತು ನೋಡಿದರು. ಕಳೆದ ವಾರದ ಚಿತ್ರವನ್ನು ಪರದೆಯ ಮೇಲೆ ತರಿಸಿ, ಮತ್ತೆ ಬಾಗಿ ನೋಡಿದರು. ಆಮೇಲೆ ಫೋನು ಎತ್ತಿ, “ಬುಧವಾರದ ಟೇಬಲ್ ಖಾಲಿ ಆಗೇದ. ಬ್ಯಾರೆಯವ್ರಿಗೆ ಕೊಡ್ರಿ” ಎಂದರು.

ನಾನು ಬಾಗಿ ನೋಡಿದೆ. ಹಸಿರು ಪೂರಾ ಹೋಗಿರಲಿಲ್ಲ. ಆದರೆ ಕಿಕ್ಕಿರಿದಿದ್ದ ಕಡೆಯೆಲ್ಲ ಕತ್ತಲಾಗಿತ್ತು. ತಡೆಮಾತ್ರೆ ತನ್ನ ಜಾಗದಲ್ಲಿಯೇ ಕೂತಿತ್ತು, ಒಮ್ಮೆಯೂ ಎದ್ದಿರಲಿಲ್ಲ. ಗಂಟು ಮತ್ತೆ ಮಾತು ಕೇಳುತ್ತಿತ್ತು.

“ಗಂಟು ಇನ್ನೂ ಅದ ಆಯಿ” ಎಂದೆ. “ಇನ್ನೂ ಕೆಲವು ತಿಂಗಳು ಬೇಕು. ಆಮ್ಯಾಲ ಸಣ್ಣದೊಂದು ಆಪರೇಶನ್ ಆಗ್ತದ. ಆದ್ರ ಎದಿ ತಗಿಯೂದು ಬ್ಯಾಡ. ಕೈಗೆ ಏನೂ ಆಗೂದಿಲ್ಲ ಅಂತ ನಮ್ಮ ನಂಬಿಕಿ.”

ನೀಲವ್ವ ಸೊಂಟದಿಂದ ಫೋನು ತೆಗೆದು ಸೊಸೆಗೆ ಹಚ್ಚಿದಳು. “ಏ ಕಸ್ತೂರಿ, ನಾಳೆ ಡ್ಯೂಟಿಗೆ ಹೋಗ. ದವಾಖಾನಿ ಇಲ್ಲ.” ಆ ಕಡೆಯಿಂದ ಏನು ಬಂತೋ ನನಗೆ ಕೇಳಲಿಲ್ಲ. ಮುದುಕಿ, “ಹೂಂ, ಹೂಂ, ಖರೇನ” ಎಂದು ಫೋನು ಇಟ್ಟಳು. ಇಟ್ಟ ಮೇಲೆ ಸೆರಗಿನಿಂದ ಮುಖ ಒರೆಸಿಕೊಂಡಳು.

“ನಂಗೂ ತೋರಸ್ರಿ” ಎಂದಳು.

ಕನ್ನಡಕ ತೆಗೆಸಿ, ತಲೆಯನ್ನು ಹಿಡಿದು ಸರಿಯಾಗಿ ಇಟ್ಟೆ. ತುಸು ಹೊತ್ತಿಗೆ ಅವಳಿಗೆ ಕಂಡಿತು.

“ಹಸರಗ ಅದಾವಲ್ಲ, ಅವು?”

“ಇನ್ನೂ ಬೆಳೀತಿರೋವು.”

“ಕರ್ರಗಿದ್ದದ್ದು?”

“ಸುಮ್ಮನಾದವು.”

“ನಾ ಬೆಳಸಿದ್ದು ಇದರಾಗ ಯಾವು?”

ಅದನ್ನು ಬೇರೆ ಮಾಡಿ ಹೇಳಲು ಬರುವುದಿಲ್ಲ ಎಂದೆ. ಅವಳು ತಲೆ ಎತ್ತಲಿಲ್ಲ. ಎರಡೂ ಕೈಯಿಂದ ಮೇಜಿನ ಅಂಚು ಹಿಡಿದು, ಗಾಜಿನೊಳಗಿನ ಆ ಎಳ್ಳುಕಾಳಿಗೆ ಮನೆಯವರಿಗೆ ಹೇಳಿದಷ್ಟು ಸ್ಪಷ್ಟವಾಗಿ ಹೇಳಿದಳು.

“ನೀ ಸಾಯಿ. ಆಕಿ ಇರಲಿ.”

ಹೊರಟಿದ್ದ ಉಪಾಧ್ಯೆ ಬಾಗಿಲಲ್ಲಿಯೇ ನಿಂತರು. ಬಹಳ ಹೊತ್ತು ಬೆಳಕು ಬಿದ್ದರೆ ನಕಲಿಗೆ ಒಳ್ಳೆಯದಲ್ಲ, ದೀಪ ಆರಿಸಬೇಕಿತ್ತು. ಮುದುಕಿ ಇನ್ನೂ ನೋಡುತ್ತಿದ್ದಳು, ನಾನು ಆರಿಸಲಿಲ್ಲ.